ಜಿರಾಫೆಗಾಗಿ ಸ್ವೀಡನ್ನಿನ ಕಾಡಿನಲ್ಲಿ ತಾಲೀಮು

ಆ ಬೆಳಗ್ಗೆ ಬಯಲಿಗೆ ಬಂದ ಮೂಸ್‌ಗಳು, ಅಂದರೆ ಆ ಕಡೆಯ ದೈತ್ಯ ಜಿಂಕೆಗಳು, ಎರಡೋ ಮೂರೋ ನನಗೆ ಖಚಿತವಿಲ್ಲ. ನನ್ನ ನೆನಪಿನಲ್ಲಿ ಮೂರಿವೆ. ಗೆಳೆಯ ಭೂಷಣ ತೆಗೆದ ಫೋಟೋದಲ್ಲಿ ಎರಡೇ ಇವೆ. ನಮ್ಮ ಸಫಾರಿಯ ಮಾರ್ಗದರ್ಶಿ ಗುನಿಲ್ಲಾ ಹಸಿರು ಜಾಕೆಟ್ ತೊಟ್ಟಿದ್ದರು ಎಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಅದೇ ಫೋಟೋದ ಅಂಚಿನಲ್ಲಿ ಅವರ ತೋಳು ಕಾಣುತ್ತದೆ, ಅದು ಕಂದು. ವರ್ಷ ಕೂಡ ಎರಡು ಸಾವಿರದ ಏಳೋ ಎಂಟೋ ಎಂದು ಹಳೆಯ ಪಾಸ್‌ಪೋರ್ಟ್ ತೆಗೆದು ನೋಡಿದರಷ್ಟೇ ಹೇಳಬಲ್ಲೆ, ಆ ಪಾಸ್‌ಪೋರ್ಟ್ ಎಲ್ಲಿದೆ ಎಂಬುದು ನೆನಪಿಲ್ಲ.

ನಾನು ಓದಿದ್ದು ಸಂಖ್ಯಾಶಾಸ್ತ್ರ. ಯಾರಾದರೂ ಒಂದು ಅಂಕಿ ಹೇಳಿದರೆ ಅದು ಎಲ್ಲಿಂದ ಬಂತು ಎಂದು ಕೇಳುವುದು ಅಲ್ಲಿ ಅಂಟಿದ ಚಾಳಿ. ಅದೇ ಪ್ರಶ್ನೆಯನ್ನು ನನ್ನ ನೆನಪಿಗೆ ಹಾಕಿದಾಗ ಅದು ತಡವರಿಸುತ್ತದೆ. ಆದ್ದರಿಂದ ಇಲ್ಲಿರುವುದನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಓದಿ. ಆಫ್ರಿಕಾದ ಸಫಾರಿಗೆ ಹೊರಡುವವರು ನನ್ನನ್ನು ಕೇಳಿದಾಗಲೆಲ್ಲ ನಾನು ಹೇಳುವ ಸಲಹೆಗಳನ್ನು ಮಾತ್ರ ನಂಬಬಹುದು. ಅವು ನನ್ನವಲ್ಲ, ಗುನಿಲ್ಲಾ ಹೇಳಿದಾಗಲೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡವು.

ಸೋಡರ್‌ಟೆಲ್ಯೆ

ಔಷಧ ಕಾರ್ಖಾನೆಯೊಂದರ ಅಂಕಿಅಂಶದ ಕೆಲಸಕ್ಕೆ ಬೆಂಗಳೂರಿನಿಂದ ಆರು ತಿಂಗಳ ಮಟ್ಟಿಗೆ ಸ್ವೀಡನ್ನಿನ ಸೋಡರ್‌ಟೆಲ್ಯೆ ಎಂಬ ಊರಿಗೆ ಹೋಗಿದ್ದೆ. ಪಿಯುಸಿಯಲ್ಲಿ ನನ್ನ ಹಾಸ್ಟೆಲ್ ರೂಮಿನಲ್ಲಿದ್ದ ಭೂಷಣ ಅಲ್ಲಿನ ಲಾರಿ ಕಾರ್ಖಾನೆಯಲ್ಲಿ ಎಂಜಿನಿಯರ್. ಹೆಂಡತಿ ಮಂಗಳಾ, ಹತ್ತು ವರ್ಷದ ಮಗಳು ಸ್ಫೂರ್ತಿ. ಆ ಬೇಸಿಗೆಯಲ್ಲಿ ಮಂಗಳಾ ಅವರ ತಾಯಿ ಗಿರಿಜಾ ಟೀಚರ್ ಕೂಡ ದಾವಣಗೆರೆಯಿಂದ ಬಂದಿದ್ದರು. ಮೂವತ್ತಮೂರು ವರ್ಷ ಒಂದನೇ ತರಗತಿಗೆ ಪಾಠ ಹೇಳಿ ನಿವೃತ್ತರಾದವರು. ಮನೆಯವರೆಲ್ಲ, ಅಳಿಯ ಕೂಡ, ಅವರನ್ನು ಟೀಚರ್ ಎಂದೇ ಕರೆಯುತ್ತಿದ್ದರು. ಸ್ಫೂರ್ತಿಗೆ ಮಾತ್ರ ಮನೆಯಲ್ಲಿ ಅಜ್ಜಿ, ಸ್ವೀಡಿಷ್ ಗೆಳತಿಯರ ಎದುರಿಗೆ ಮೊರ್ಮೊರ್. ಅಮ್ಮನ ಅಮ್ಮನಿಗೆ ಅವರು ಹಾಗೆನ್ನುತ್ತಾರೆ.

ಅಕ್ಟೋಬರಿನಲ್ಲಿ ಶಾಲೆಗೆ ಒಂದು ವಾರ ರಜೆ. ಆಗ ಎಲ್ಲರೂ ತಾಂಜಾನಿಯಾಕ್ಕೆ ಹೋಗುವುದೆಂದು ಭೂಷಣ ತೀರ್ಮಾನಿಸಿದ್ದ. ಒಂದೂರಿನಲ್ಲಿ ಮೂರು ತಿಂಗಳು ಇದ್ದರೆ ಕಾಲು ನಿಲ್ಲದ ಜಾತಿ ನನ್ನದು, ನಾನೂ ಸೇರಿಕೊಂಡೆ. ಟೀಚರ್‌ಗೆ ಚಿರತೆ, ಸಿಂಹ, ಆನೆ ಯಾವುದೂ ಬೇಕಿರಲಿಲ್ಲ.

"ನಂಗೆ ಜಿರಾಫೆ ಒಂದು ತೋರ್ಸಿದ್ರೆ ಸಾಕು," ಎಂದರು ಒಂದು ದಿನ ಚಪಾತಿ ಲಟ್ಟಿಸುತ್ತ.

"ಮೈಸೂರು ಜೂನಲ್ಲಿ ನೋಡಿಲ್ವಾ ಟೀಚರ್?" ಎಂದೆ.

"ನೋಡೀನಪ್ಪ. ಅಲ್ಲಿ ನೀರಿನ ತೊಟ್ಟೀನ ಮೇಲಕ್ಕೆ ಕಟ್ಟಿರ್ತಾರೆ. ಕಾಡಿನಾಗೆ ಯಾರು ಕಟ್ತಾರೆ? ಜ ಗುಣಿತ ಹೇಳ್ಕೊಡೋವಾಗ ಪ್ರತಿ ವರ್ಷ ಒಂದಾದ್ರೂ ಮಗು ಕೇಳ್ತಿತ್ತು, ಟೀಚರ್, ಅದು ನೀರು ಹೆಂಗೆ ಕುಡಿತತೆ ಅಂತ. ದನದಂಗೆ ಮುಂಗಾಲು ಮಡಚಿ, ಮಂಡಿ ಊರಿ ಕುಡಿತತೆ ಅಂತ ಹೇಳ್ಬಿಡ್ತಿದ್ದೆ. ಮೊದಲ್ನೇ ವರ್ಷ ಬಾಯಿಗೆ ಬಂದಿದ್ದು. ಆಮೇಲೆ ಅದೇ ಪಾಠ ಆಗೋಯ್ತು."

"ಇಂಟರ್ನೆಟ್ಟಲ್ಲಿ ನೋಡಿದ್ರೆ ಒಂದು ನಿಮಿಷ ಅಮ್ಮ," ಎಂದರು ಮಂಗಳಾ.

"ಒಂದು ನಿಮಿಷದಾಗೆ ತಿಳ್ಕಳಾಕೆ ನಂಗಿಷ್ಟ ಇಲ್ಲ. ನಾನೇ ಎದುರಿಗೆ ನಿಂತು ನೋಡ್ಬೇಕು. ಸುಳ್ಳು ಹೇಳಿದ್ರೆ ಹೇಳಿದ್ದೀನಿ ಅಂತ ಆಗ್ಲಿ."

ಎದುರಿಗೆ ನಿಂತು ನೋಡಲು ಟೀಚರ್ ಪಟ್ಟ ಕಷ್ಟ ಸಣ್ಣದಲ್ಲ. ತಾಂಜಾನಿಯಾದಂಥ ದೇಶಗಳಿಂದ ಭಾರತಕ್ಕೆ ಮರಳುವವರಿಗೆ ಹಳದಿ ಜ್ವರದ ಲಸಿಕೆಯ ಪತ್ರ ಬೇಕು. ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ಮನೆಗೆ ಬಿಡದೆ ಬೇರೆ ಇರಿಸಿಕೊಳ್ಳುತ್ತಾರೆ. ಚುಚ್ಚಿಸಿಕೊಂಡು ಹತ್ತು ದಿನ ಕಳೆಯದೆ ಪತ್ರಕ್ಕೆ ಬೆಲೆಯಿಲ್ಲ. ಸ್ವೀಡನ್ನಿನಿಂದ ಹೊರಡುವ ಬಿಳಿಯರಿಗೆ ಇದು ತಲೆಗೇ ಹೋಗುವುದಿಲ್ಲ, ನಮ್ಮವರು ತಪ್ಪದೆ ನೆನಪಿಡಬೇಕಾದ ಮಾತು. ಅರವತ್ತು ದಾಟಿದವರಿಗೆ ಈ ಲಸಿಕೆ ಸ್ವಲ್ಪ ಯೋಚಿಸಿ ಕೊಡಬೇಕು ಎಂದು ದವಾಖಾನೆಯ ಡಾಕ್ಟರಮ್ಮ ಎರಡು ಸಲ ಎಚ್ಚರಿಸಿದರು. ಟೀಚರ್ ಎರಡು ಸಲವೂ ತೋಳು ಮುಂದೆ ಮಾಡಿದರಂತೆ. ಎರಡು ದಿನ ಜ್ವರ ಬಂತು. ಮೂರನೆಯ ದಿನ ಎದ್ದು, ಲಸಿಕೆಯ ಪತ್ರವಾಗಿ ಕೊಟ್ಟಿದ್ದ ಹಳದಿ ಪುಸ್ತಿಕೆಗೆ ಹಳೆಯ ಕ್ಯಾಲೆಂಡರಿನ ಕಾಗದದಿಂದ ಬೈಂಡ್ ಹಾಕಿದರು.

ದಾರಿಯಲ್ಲಿ

ಭೂಷಣ ನಮ್ಮ ಸಫಾರಿಗೆ ಗೊತ್ತುಮಾಡಿದ್ದ ಗುನಿಲ್ಲಾ ಇಪ್ಪತ್ತು ವರ್ಷ ತಾಂಜಾನಿಯಾದಲ್ಲಿ ಕೊಳವೆಬಾವಿ ಕೊರೆಸುವ ಕೆಲಸದಲ್ಲಿದ್ದು, ಈಗ ಯೋನ್‌ಶೋಪಿಂಗ್‌ನ ದಕ್ಷಿಣದ ಕಾಡಿನಲ್ಲಿ ಒಂಟಿಯಾಗಿ ವಾಸಿಸುವ ಹೆಂಗಸು. ವರ್ಷಕ್ಕೆರಡು ಸಲ ಐವರನ್ನು ಸಫಾರಿಗೆ ಕರೆದೊಯ್ಯುತ್ತಾರೆ, ಜೀಪನ್ನು ಅವರೇ ಓಡಿಸುತ್ತಾರೆ. ಐದೇ ಏಕೆಂದರೆ ಜೀಪಿಗಿರುವುದು ಐದು ಕಿಟಕಿ. ಹೊರಡುವ ಮೊದಲು ಎರಡು ದಿನ ತನ್ನ ಕಾಡಿನಲ್ಲಿ ಮೂಸ್ ನೋಡುತ್ತ ತಾಲೀಮು ಮಾಡಬೇಕು. ಅದರಲ್ಲಿ ಒಪ್ಪಿಗೆಯಾದವರು ಮಾತ್ರ ಆಫ್ರಿಕಾಕ್ಕೆ.

"ಎಲ್ಲ ಫಾರ್ಮಾಲಿಟಿ ಕಣೋ," ಎಂದ ಭೂಷಣ, ಕಾರು ನಾರ್‌ಶೋಪಿಂಗ್ ಊರನ್ನು ದಾಟುವಾಗ. "ದುಡ್ಡು ಕಟ್ಟಿರೋ ಜನಾನ ಯಾರಾದ್ರೂ ಬಿಟ್ಟು ಹೋಗ್ತಾರಾ? ಅಡ್ಜಸ್ಟ್ ಮಾಡ್ತಾರೆ."

"ಇಲ್ಲಿ ಅಡ್ಜಸ್ಟ್ ಇಲ್ಲ ಪಪ್ಪಾ," ಎಂದಳು ಸ್ಫೂರ್ತಿ ಹಿಂದಿನಿಂದ. ಆಮೇಲೆ ಸ್ವೀಡಿಷ್‌ನಲ್ಲಿ ಏನೋ ಸೇರಿಸಿದಳು. ಏನೆಂದು ಕೇಳಿದ್ದಕ್ಕೆ ಮಂಗಳಾ, "ಅವರಪ್ಪ ಇನ್ನೂ ಮೆಜೆಸ್ಟಿಕ್ ಬಸ್ ಸ್ಟ್ಯಾಂಡಲ್ಲೇ ಇದಾರೆ ಅಂತಿದಾಳೆ," ಎಂದರು.

ನಾಗರಹೊಳೆಯಲ್ಲಿ ನಾನು ಮಾಡಿದ ಸಫಾರಿ ನೆನಪಾಯಿತು. ಅರಣ್ಯ ಇಲಾಖೆಯ ವ್ಯಾನಿನ ತುಂಬ ಜನ, ಒಬ್ಬ ಹುಲಿ ಎಂದರೆ ಎಲ್ಲರೂ ಹುಲಿ ಎಂದು ಕೂಗಿ ಒಂದೇ ಪಕ್ಕಕ್ಕೆ ವಾಲುವುದು. ಹುಲಿಯ ಬಾಲವನ್ನು ನಾನೂ ಕಂಡೆನೆಂದು ಆಗ ಹೇಳಿದ್ದೆ. ಈಗ ಕೇಳಿದರೆ, ಪಕ್ಕದವರು ಕಂಡಿದ್ದನ್ನು ಕೇಳಿದ್ದೆ ಎನ್ನುವುದೇ ಸರಿ.

ಕಾಡಿನ ಮನೆ, ಶನಿವಾರ

ಕೆಂಪು ಮರದ ಮನೆ, ಬಿಳಿ ಕಿಟಕಿ. ಬಾಗಿಲು ತೆರೆದಿತ್ತು, ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಒಂದು ಚೀಟಿ: ಹಣ್ಣು ಬಿಡಿಸಲು ಹೋಗಿದ್ದೇನೆ, ಒಳಗೆ ಕಾಫಿ ಇದೆ. ನಾವು ಚಪ್ಪಲಿ ಬಿಟ್ಟು ಒಳಗೆ ಹೋದೆವು. ಈ ದೇಶದಲ್ಲಿ ಹೊರಗೆ ಚಪ್ಪಲಿ ಬಿಡುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲವಲ್ಲ ಎಂದು ಟೀಚರ್‌ಗೆ ಬಹಳ ಸಮಾಧಾನ.

ಗುನಿಲ್ಲಾ ಒಂದು ಬಕೆಟ್ ಕೆಂಪು ಲಿಂಗನ್ ಹಣ್ಣು ಹಿಡಿದು ಬಂದರು. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದರು. ಅದು ಯಾರ ಕಾಡು ಎಂದು ಕೇಳಿದೆ. ಪಕ್ಕದವರದು ಎಂದರು. ಕೇಳಿ ಬಿಡಿಸಿದಿರಾ ಎಂದೆ. ಇಲ್ಲಿ ಯಾರ ಕಾಡಿನಲ್ಲಾದರೂ ಯಾರು ಬೇಕಾದರೂ ನಡೆದು ಹಣ್ಣು ಬಿಡಿಸಬಹುದು, ಬೇಲಿಯ ಗೇಟು ಮುಚ್ಚಿ ಬಂದರಾಯಿತು ಎಂದರು. ನಮ್ಮಲ್ಲಿ ಹುಣಸೆಹಣ್ಣಿಗಾಗಿ ಕೋರ್ಟಿಗೆ ಹೋದ ಅಣ್ಣತಮ್ಮಂದಿರು ನನಗೆ ಗೊತ್ತು. ಅದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ಸುಮ್ಮನಾದೆ.

ಕಾಫಿ ಕುಡಿಯುತ್ತಲೇ ನಮ್ಮ ಸಾಮಾನುಗಳ ತಪಾಸಣೆಯಾಯಿತು. ನೋಟ್‌ಬುಕ್ಕಿನಲ್ಲಿರುವಂತೆ ಬರೆಯುತ್ತೇನೆ. ಗಟ್ಟಿ ಸೂಟ್‌ಕೇಸ್ ಬೇಡ, ಸಣ್ಣ ವಿಮಾನದಲ್ಲಿ ತುರುಕಲು ಬರುವ ಮೆತ್ತನೆಯ ಚೀಲ ತನ್ನಿ. ಬೈನಾಕ್ಯುಲರ್ ಮನೆಗೊಂದಲ್ಲ, ತಲೆಗೊಂದು. ಹಂಚಿಕೊಳ್ಳುವಷ್ಟರಲ್ಲಿ ಪ್ರಾಣಿ ಹೋಗಿರುತ್ತದೆ. ಆಫ್ರಿಕಾ ಎಂದರೆ ಸೆಕೆ ಎಂದುಕೊಳ್ಳಬೇಡಿ, ಎತ್ತರದ ಜಾಗಗಳಲ್ಲಿ ಬೆಳಗಿನ ಹೊತ್ತು ಸ್ವೆಟರ್ ಬೇಕು. ಸೆಂಟು ಹಾಕಬೇಡಿ. ಕಡುನೀಲಿ ಮತ್ತು ಕಪ್ಪು ಬಟ್ಟೆ ತೊಡಬೇಡಿ, ಅಲ್ಲಿನ ಸೆಟ್ಸಿ ನೊಣಕ್ಕೆ ಆ ಬಣ್ಣಗಳ ಮೇಲೆ ಪ್ರೀತಿ, ಬಟ್ಟೆಯ ಮೇಲಿಂದಲೇ ಕಚ್ಚುತ್ತದೆ.

ಭೂಷಣ ಸಫಾರಿಗೆಂದೇ ಎಲ್ಲರಿಗೂ ಹೊಸ ಜಾಕೆಟ್ ತೆಗೆದಿದ್ದ. ಐದೂ ಕಡುನೀಲಿ.

"ಒಂದೇ ಕಲರ್ ತಗೊಂಡ್ರೆ ಡಿಸ್ಕೌಂಟ್ ಇತ್ತು," ಎಂದ ಮೆಲ್ಲಗೆ.

"ನೊಣಕ್ಕೆ ಹೇಳು," ಎಂದರು ಮಂಗಳಾ.

ಗುನಿಲ್ಲಾ ಟೀಚರ್ ಉಟ್ಟಿದ್ದ ಕಂದು ಬಣ್ಣದ ನೂಲಿನ ಸೀರೆಯನ್ನು ಮುಟ್ಟಿ ನೋಡಿ, ಇಲ್ಲಿ ಸರಿಯಾಗಿ ತಯಾರಾಗಿ ಬಂದವರು ಮೊರ್ಮೊರ್ ಒಬ್ಬರೇ ಎಂದರು. ಧೂಳೆದ್ದರೆ ಮೂಗಿಗೆ ಮುಚ್ಚಲು ಸೆರಗಿದೆ, ಬಿಸಿಲಿಗೆ ತಲೆಗೆ ಹೊದೆಯಲೂ ಅದೇ, ಜೊತೆಗೆ ಪೊದೆಯ ಹಿಂದೆ ಹೋಗಬೇಕಾದಾಗ ಪ್ಯಾಂಟಿನವರಿಗಿಂತ ಮಾನ ಹೆಚ್ಚು ಉಳಿಯುತ್ತದೆ. ಸ್ಫೂರ್ತಿ ಇದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಾಗ ಟೀಚರ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು.

ಆಮೇಲೆ ಗುನಿಲ್ಲಾ ನಗದೆ ಒಂದು ಮಾತು ಹೇಳಿದರು. ಜೀಪು ನಿಲ್ಲಿಸಿ ಎಂಜಿನ್ ಆರಿಸಿದ ಮೇಲೆ ಯಾರೂ ಏಳಬಾರದು, ಬೆರಳು ತೋರಿಸಬಾರದು, ಏನನ್ನೂ ಬೀಳಿಸಬಾರದು. ಒಮ್ಮೆ ಅವರ ಜೀಪಿನಲ್ಲಿ ಒಬ್ಬರು ಫ್ಲಾಸ್ಕಿನ ಮುಚ್ಚಳ ಬೀಳಿಸಿದ್ದರು. ಹತ್ತಿರದಲ್ಲಿ ಮರಿ ಇದ್ದ ಹೆಣ್ಣಾನೆ. ಅದು ನುಗ್ಗಿದ ರಭಸಕ್ಕೆ ಬಾಗಿಲು ಒಳಕ್ಕೆ ಬಾಗಿತು. "ಈ ಕಾಲು ಹೀಗಾದದ್ದು ಆ ಬಾಗಿಲಿನಿಂದ," ಎಂದು ಎಡಗಾಲನ್ನು ತೋರಿಸಿದರು. ಯಾರು ಬೀಳಿಸಿದ್ದೆಂದು ಆ ದಿನ ಯಾರೂ ಒಪ್ಪಿಕೊಳ್ಳಲಿಲ್ಲವಂತೆ. ಆದ್ದರಿಂದ ಅವರದು ಎರಡು ನಿಯಮ. ಸದ್ದು ಮಾಡಿದವರು ಕೂಡಲೇ ಕೈ ಎತ್ತಬೇಕು. ಯಾರೂ ಎತ್ತದಿದ್ದರೆ ಆ ಗುಂಪಿನಲ್ಲಿ ಯಾರೂ ಆಫ್ರಿಕಾಕ್ಕಿಲ್ಲ.

"ಕೈ ಎತ್ತಿದವರಿಗೆ?" ಎಂದು ಕೇಳಿದೆ.

"ಮಾತಿನ ಸದ್ದಾದರೆ ಒಂದು ಎಚ್ಚರಿಕೆ ಕೊಡುತ್ತೇನೆ. ಲೋಹದ ಸದ್ದಾದರೆ ಅವರು ಇಲ್ಲೇ ಉಳಿಯುತ್ತಾರೆ."

ಆ ಮಧ್ಯಾಹ್ನ ಜೀಪಿನಲ್ಲಿ ಕೂತು ಮಾಡಿದ ತಾಲೀಮಿನಲ್ಲೇ ಮೊದಲ ಎಚ್ಚರಿಕೆ ನನಗೆ ಸಿಕ್ಕಿತು. ಮೊಲವೊಂದು ಹಾರಿದ್ದಕ್ಕೆ, "ಅಲ್ಲಿ ನೋಡಿ," ಎಂದು ಎದ್ದು ನಿಂತುಬಿಟ್ಟಿದ್ದೆ. ಕೈ ಎತ್ತಿದೆ. ಮೊಲಕ್ಕೆ ಎದ್ದು ನಿಲ್ಲುವವರು ಸಿಂಹಕ್ಕೆ ಇಳಿದೇ ಹೋಗುತ್ತಾರೆ ಎಂದರು ಗುನಿಲ್ಲಾ.

ಸಂಜೆ ಮಾರನೆಯ ಬೆಳಗಿನ ಬುತ್ತಿಯ ಮಾತು ಬಂತು. ಗುನಿಲ್ಲಾ ನಮ್ಮ ಚಿಪ್ಸ್ ಪೊಟ್ಟಣಗಳನ್ನು ಹೊರಗೆ ತೆಗೆದಿಟ್ಟು, ಪ್ಲಾಸ್ಟಿಕ್ಕಿನ ಚರಪರ ಸದ್ದಿಗೆ ಪ್ರಾಣಿ ನಿಲ್ಲುವುದಿಲ್ಲ, ಕಚ್ಚಿದರೆ ಸದ್ದಾಗುವ ತಿಂಡಿಯೂ ಬೇಡ ಎಂದಿದ್ದರು. ಟೀಚರ್‌ಗೆ ಹುಮ್ಮಸ್ಸು ಬಂತು. ಊರಿಂದ ತಂದಿದ್ದ ಹಿಟ್ಟಿನಲ್ಲಿ ಮೆತ್ತನೆಯ ತಂಬಿಟ್ಟು ಕಟ್ಟಿದರು.

"ಇದನ್ನ ಕಚ್ಚಿದ್ರೆ ಹಲ್ಲಿಗೇ ಗೊತ್ತಾಗಲ್ಲ. ಕವರಿನಾಗೆ ಯಾಕೆ, ಸ್ಟೀಲ್ ಡಬ್ಬಿಗೆ ಹಾಕೋಣ. ಚರಪರ ಅನ್ನಲ್ಲ."

ಸ್ಟೀಲ್ ಡಬ್ಬಿ ಎರಡೇ ಇದ್ದವು. ಒಂದು ಟೀಚರ್‌ದು, ನಿವೃತ್ತಿಯ ದಿನ ಮಕ್ಕಳು ಕೊಟ್ಟದ್ದು. ಇನ್ನೊಂದು ನಾನು ಮೈಸೂರಿನ ನಮ್ಮ ಮನೆಯಿಂದ ಚಟ್ನಿಪುಡಿ ತುಂಬಿಸಿಕೊಂಡು ತಂದದ್ದು. ಎರಡೂ ಅಂಗೈಯಗಲದವು, ಅಕ್ಕಪಕ್ಕ ಇಟ್ಟರೆ ಅವಳಿ. ಉಳಿದ ಮೂವರಿಗೆ ಮಂಗಳಾ ಮೆತ್ತನೆಯ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗಳನ್ನು ತೆಗೆದರು. ಸ್ಟೀಲು ಕೂಡ ಲೋಹವೇ ಎಂಬುದು ನಾವು ಐವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಊಟದ ಡಬ್ಬಿಯನ್ನು ನಾವು ಲೋಹದ ಲೆಕ್ಕಕ್ಕೆ ಹಿಡಿದವರೇ ಅಲ್ಲ.

ಭಾನುವಾರ ಬೆಳಗ್ಗೆ

ಬೆಳಕು ಹರಿದ ಮೇಲೆ ಹೊರಟೆವು. ಕಾಡಿನ ನಡುವೆ ಮರ ಕಡಿದು ಬಯಲಾದ ಜಾಗ, ಅದರ ಅಂಚಿಗೆ ಕಲ್ಲುಹಾಸು, ಕಲ್ಲಿನ ಕೆಳಗೆ ಜೌಗು. ಗುನಿಲ್ಲಾ ಕಲ್ಲಿನ ಮೇಲೆ ಜೀಪು ನಿಲ್ಲಿಸಿ ಎಂಜಿನ್ ಆರಿಸಿದರು. ಅವರ ಪಕ್ಕದಲ್ಲಿ ಭೂಷಣ. ನಡುವಿನ ಸೀಟಿನ ಬಲಕ್ಕೆ ಮಂಗಳಾ, ಎಡಕ್ಕೆ ಟೀಚರ್. ಹಿಂದೆ ಬಲಕ್ಕೆ ಸ್ಫೂರ್ತಿ, ಎಡಕ್ಕೆ ನಾನು. ಅಂದರೆ ಎಡಗಡೆಯ ಕಿಟಕಿಗಳಲ್ಲಿ ಟೀಚರ್ ಮತ್ತು ನಾನು ಒಬ್ಬರ ಹಿಂದೊಬ್ಬರು. ಇದಕ್ಕೆ ಇನ್ನೊಂದು ಫೋಟೋದ ಆಧಾರವಿದೆ.

ನಿಶ್ಶಬ್ದ ಎಂದರೆ ಏನೆಂದು ನನಗೆ ಆ ದಿನ ಗೊತ್ತಾಯಿತು. ನಮ್ಮ ಕಾಡುಗಳಲ್ಲಿ ಜೀರುಂಡೆಯಾದರೂ ಇರುತ್ತದೆ. ಇಲ್ಲಿ ನನ್ನ ಹೊಟ್ಟೆಯ ಸದ್ದು ನನಗೆ ಕೇಳಿಸುತ್ತಿತ್ತು. ಮುಕ್ಕಾಲು ಗಂಟೆಯಾಯಿತೋ ಏನೋ. ಹಸಿವಾಗಿ, ಡಬ್ಬಿಯನ್ನು ತೊಡೆಯ ಮೇಲಿಟ್ಟು ಮುಚ್ಚಳ ತೆಗೆದೆ. ಇಲ್ಲಿಯವರೆಗೆ ಖಾತ್ರಿ. ತೆಗೆದ ಮುಚ್ಚಳವನ್ನು ಎಲ್ಲಿಟ್ಟೆ? ತೊಡೆಯ ಪಕ್ಕ ಸೀಟಿನ ಮೇಲೆ ಎಂದು ಕಣ್ಣು ಹೇಳುತ್ತದೆ. ಕಿಟಕಿಯ ಅಂಚಿನ ಮೇಲೆ, ತಣ್ಣಗೆ, ಎಂದು ಬೆರಳು ಹೇಳುತ್ತದೆ. ಮುಂದಿನ ಸೀಟಿನಲ್ಲಿ ಟೀಚರ್ ಕೂಡ ಆಗಲೇ ಡಬ್ಬಿ ತೆರೆದಿದ್ದರು, ತಂಬಿಟ್ಟಿನ ಏಲಕ್ಕಿ ವಾಸನೆ ಬಂದಿತ್ತು.

ಅಷ್ಟರಲ್ಲಿ ಮರಗಳ ನಡುವಿನಿಂದ ಮೂಸ್ ಬಂತು. ನಮ್ಮ ಕಡವೆಯನ್ನು ಒಂಟೆಯ ಕಾಲಿನ ಮೇಲೆ ನಿಲ್ಲಿಸಿ, ಮೂಗನ್ನು ಕೆಳಕ್ಕೆಳೆದು ಬಿಟ್ಟಂತಿರುವ ಪ್ರಾಣಿ. ಚಿತ್ರದಲ್ಲಿ ನೋಡಿದಾಗ ನಗು ಬರುತ್ತದೆ. ಮಂಜಿನೊಳಗಿಂದ ಸದ್ದಿಲ್ಲದೆ ಅಷ್ಟು ದೊಡ್ಡದು ನಡೆದು ಬಂದಾಗ ನಗು ಬರಲಿಲ್ಲ. ಅದರ ಹಿಂದೆ ಇನ್ನೊಂದು. ನಾನು ಬೈನಾಕ್ಯುಲರ್ ಎತ್ತಿದೆ.

ಠಣ್ ಎಂದಿತು. ಆಮೇಲೆ ಕಲ್ಲಿನ ಮೇಲೆ ಉರುಳುವ ಸದ್ದು, ಉದ್ದವಾಗಿ, ಅದು ಮುಗಿಯುವುದೇ ಇಲ್ಲವೇನೋ ಎನ್ನುವಂತೆ. ಕೊನೆಗೆ ನೀರಿಗೆ ಬಿದ್ದ ಸದ್ದು. ಮೂಸ್‌ಗಳು ತಲೆಯೆತ್ತಿದವು. ಮತ್ತೆ ನೋಡುವಷ್ಟರಲ್ಲಿ ಬಯಲು ಖಾಲಿ.

ಗುನಿಲ್ಲಾ ತಿರುಗಲಿಲ್ಲ. "ಯಾರು?" ಎಂದರು.

ನಾನು ಬೈನಾಕ್ಯುಲರ್ ಇಳಿಸಲಿಲ್ಲ. ಪ್ರಾಣಿಗಳು ಹೋದ ಮೇಲೂ ಅದೇ ಬಯಲನ್ನು ನೋಡುತ್ತಿದ್ದೆ, ಏಕೆಂದರೆ ಬೇರೆಲ್ಲಿ ನೋಡಲೂ ಧೈರ್ಯವಿರಲಿಲ್ಲ. ಆಗ ನನ್ನ ತಲೆಯಲ್ಲಿ ಓಡುತ್ತಿದ್ದ ವಾದ ಚೆನ್ನಾಗಿ ನೆನಪಿದೆ: ನನಗೆ ಖಚಿತವಿಲ್ಲ, ಖಚಿತವಿಲ್ಲದೆ ಒಪ್ಪಿಕೊಳ್ಳುವುದೂ ಒಂದು ಬಗೆಯ ಸುಳ್ಳೇ. ಪಕ್ಕದಲ್ಲಿ ಸ್ಫೂರ್ತಿ ಮೂಗೆಳೆದದ್ದು ಕೇಳಿಸಿತು. ಯಾರೂ ಕೈ ಎತ್ತದಿದ್ದರೆ ಯಾರಿಗೂ ಆಫ್ರಿಕಾ ಇಲ್ಲ.

"ಒಬ್ಬರಾದರೂ?" ಎಂದರು ಗುನಿಲ್ಲಾ.

ನನ್ನ ಮುಂದಿನ ಸೀಟಿನಿಂದ ಒಂದು ಕೈ ಮೇಲೆ ಹೋಯಿತು. ಗಾಜಿನ ಬಳೆಗಳನ್ನು ಟೀಚರ್ ಬೆಳಗ್ಗೆಯೇ ಸದ್ದಾಗದಂತೆ ಕರವಸ್ತ್ರದಲ್ಲಿ ಸುತ್ತಿ ಕಟ್ಟಿದ್ದರು. ಅದೇ ಕೈ.

"ನಂದೇ," ಎಂದರು. ಮತ್ತೆ ಇಂಗ್ಲಿಷಿನಲ್ಲೂ ಹೇಳಿದರು, "ಮೈ ಮಿಸ್ಟೇಕ್."

ಗುನಿಲ್ಲಾ, ಭೂಷಣ ಇಬ್ಬರೂ ಇಳಿದು ಸ್ವಲ್ಪ ಹೊತ್ತು ಜೌಗಿನಲ್ಲಿ ಕೋಲು ಆಡಿಸಿದರು. ಮುಚ್ಚಳ ಸಿಗಲಿಲ್ಲ. ಆ ನಡುವೆ ಟೀಚರ್ ಎಂದಿನಂತೆ ಎಲ್ಲರ ಡಬ್ಬಿಗಳನ್ನೂ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. "ತಾ ಇಲ್ಲಿ," ಎನ್ನುತ್ತ ಮುಂದಿನ ಸೀಟಿನಿಂದ ಕೈಯೊಂದು ಹಿಂದಕ್ಕೆ ಬಂದು ನನ್ನ ತೊಡೆಯ ಮೇಲಿನ ಡಬ್ಬಿಯನ್ನು ಎತ್ತಿಕೊಂಡಿತು. ನಾನು ಇನ್ನೂ ಬೈನಾಕ್ಯುಲರಿನಲ್ಲೇ ಇದ್ದೆ.

ಅದೇ ದಿನ, ಫೀಕಾ

ಸ್ವೀಡನ್ನಿನಲ್ಲಿ ಒಳ್ಳೆಯ ಸುದ್ದಿಯನ್ನೂ ಕೆಟ್ಟ ಸುದ್ದಿಯನ್ನೂ ಕಾಫಿ, ಬನ್ನಿನ ಜೊತೆಗೇ ಹೇಳುತ್ತಾರೆ. ಅದಕ್ಕೆ ಫೀಕಾ ಎಂದು ಹೆಸರು. ಗುನಿಲ್ಲಾ ಎಲ್ಲರಿಗೂ ಕಾಫಿ ಬಗ್ಗಿಸಿ, ನಾಲ್ವರನ್ನು ಕರೆದೊಯ್ಯುತ್ತೇನೆ, ಮೊರ್ಮೊರ್ ಬರುವಂತಿಲ್ಲ ಎಂದರು.

"ಅವರಿಗೆ ವಯಸ್ಸಾಗಿದೆ, ಒಂದು ಸಣ್ಣ ಮುಚ್ಚಳ," ಎಂದ ಭೂಷಣ. "ಅಡ್ಜಸ್ಟ್ ಮಾಡಿಕೊಳ್ಳಬಹುದಲ್ವಾ? ಸ್ಟೀಲ್ ಡಬ್ಬಿ ತರೋದೇ ಇಲ್ಲ ಬೇಕಾದ್ರೆ."

"ಆ ದಿನವೂ ಸಣ್ಣ ಮುಚ್ಚಳವೇ," ಎಂದರು ಗುನಿಲ್ಲಾ. ದನಿ ಏರಲಿಲ್ಲ. "ಕೈ ಎತ್ತಿದ್ದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚಿತು. ಆದರೆ ಗೌರವಕ್ಕಾಗಿ ನಿಯಮ ಬಿಟ್ಟರೆ ಇನ್ನೊಂದು ಕಾಲು ಹೋಗುತ್ತದೆ."

"ಹಾಗಾದ್ರೆ ನಾನು ಉಳ್ಕೋತೀನಿ, ಅಮ್ಮ ಹೋಗ್ಲಿ," ಎಂದರು ಮಂಗಳಾ.

"ನೀವು ಉಳಿದರೆ ಮೂವರನ್ನು ಕರೆದೊಯ್ಯುತ್ತೇನೆ. ಸದ್ದು ಮಾಡಿದವರ ಜಾಗವನ್ನು ಬೇರೆಯವರು ಬಿಟ್ಟುಕೊಡಲು ಬರುವುದಿಲ್ಲ."

ಅಂದರೆ ದಾರಿ ಒಂದೇ ಇತ್ತು. ಸದ್ದು ಮಾಡಿದ್ದು ಬೇರೆಯವರೆಂದು ಆ ಬೇರೆಯವರು ಹೇಳಬೇಕು. ಆ ಕ್ಷಣದಲ್ಲಿ, ನಾನೂ ಇರಬಹುದು, ನನಗೆ ಸರಿಯಾಗಿ ಗೊತ್ತಿಲ್ಲ ಎಂದು ಹೇಳಿದೆ ಎಂದೇ ನನ್ನ ನೆನಪು. ಆ ವಾಕ್ಯ ಇಂಗ್ಲಿಷಿನಲ್ಲಿ ನನ್ನ ಕಿವಿಯಲ್ಲಿ ಇನ್ನೂ ಇದೆ. ವರ್ಷಗಳ ಮೇಲೆ ಮಂಗಳಾ ಅವರನ್ನು ಕೇಳಿದೆ. ನೀವು ಏನೂ ಹೇಳಲಿಲ್ಲ, ಇನ್ನೊಂದು ಬನ್ ತಗೊಂಡ್ರಿ ಎಂದರು.

ಸ್ಫೂರ್ತಿ ಅಳುತ್ತಿದ್ದಳು. ಟೀಚರ್ ಅವಳ ತಲೆ ಸವರಿ, "ನಂಗೋಸ್ಕರ ನೀವೆಲ್ಲ ಬಿಡ್ತೀರೇನು? ಹೋಗ್ರಿ ಸುಮ್ನೆ. ಹತ್ತು ದಿನ ನಾನು ಸುಧಾನ ಮನೆಯಾಗೆ ಇರ್ತೀನಿ," ಎಂದರು. ಸುಧಾ ಸೋಡರ್‌ಟೆಲ್ಯೆಯಲ್ಲಿ ಪಕ್ಕದ ಕಟ್ಟಡದಲ್ಲಿದ್ದ ಹಾಸನದವರು.

ನಾನು ಪಾತ್ರೆ ತೊಳೆಯುವ ನೆವದಲ್ಲಿ ಅಡುಗೆಮನೆಗೆ ಹೋದೆ. ಕೈಚೀಲದಿಂದ ಡಬ್ಬಿಗಳನ್ನು ತೆಗೆದು ಸಾಲಾಗಿ ಇಟ್ಟಿದ್ದರು. ಮುಚ್ಚಳವಿಲ್ಲದ ಸ್ಟೀಲ್ ಡಬ್ಬಿಯ ಪಕ್ಕೆಯಲ್ಲಿ ಚುಕ್ಕೆ ಚುಕ್ಕೆಯಾಗಿ ಟೀಚರ್ ಹೆಸರು. ನನ್ನ ಅಮ್ಮ ಸರೋಜಮ್ಮನ ಹೆಸರಿದ್ದ ಡಬ್ಬಿಗೆ ಮುಚ್ಚಳ ಭದ್ರವಾಗಿ ಕೂತಿತ್ತು. ಅನುಮಾನವಿದ್ದಾಗ ಸಾಕ್ಷ್ಯ ನೋಡು ಎಂದು ನನಗೆ ಕಲಿಸಿದ್ದರು. ನೋಡಿದೆ. ಎದೆ ಹಗುರಾಯಿತು. ಬೆರಳು ಹೇಳಿದ್ದು ಸುಳ್ಳು ಎಂದುಕೊಂಡೆ.

ಹೊರಡುವಾಗ ಟೀಚರ್ ನನ್ನ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು.

"ಶ್ರೀಧರ, ನೀನು ಎಲ್ಲದನ್ನೂ ಬರ್ಕೋತೀಯಲ್ಲ. ಜಿರಾಫೆ ನೀರು ಕುಡಿಯೋದನ್ನ ಸರಿಯಾಗಿ ನೋಡ್ಕೊಂಡು ಬಾ. ಅಂದಾಜಿನ ಮೇಲೆ ಹೇಳ್ಬ್ಯಾಡ."

ತಾಂಜಾನಿಯಾ, ಚಿಕ್ಕದಾಗಿ

ಆ ದೇಶದ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ಗುನಿಲ್ಲಾ ಹೇಳಿದ್ದೆಲ್ಲ ನಿಜವಾಯಿತು. ಬೆಳಗ್ಗೆ ಚಳಿ, ಹಗಲು ಧೂಳು. ನೀಲಿ ಕರವಸ್ತ್ರ ಇಟ್ಟುಕೊಂಡಿದ್ದ ಭೂಷಣನನ್ನು ನೊಣ ಹುಡುಕಿಕೊಂಡು ಬಂದು ಕಚ್ಚಿತು. ನಾನು ಸೇರಿಸಬೇಕಾದ ಸಲಹೆ ಒಂದೇ: ಸಿಂಹದ ಹಿಂದೆ ಓಡಬೇಡಿ, ಒಂದು ನೀರಿನ ಹೊಂಡದ ಹತ್ತಿರ ಅರ್ಧ ದಿನ ಕೂತುಬಿಡಿ. ಟೀಚರ್ ಕೂರಬೇಕಾಗಿದ್ದ ಕಿಟಕಿಯ ಸೀಟಿನಲ್ಲಿ ನೀರಿನ ಕ್ಯಾನುಗಳನ್ನಿಟ್ಟಿದ್ದೆವು. ಯಾರೂ ಆ ಕಿಟಕಿಗೆ ಸರಿದು ಕೂರಲಿಲ್ಲ.

ಐದನೆಯ ದಿನ ಹೊಂಡಕ್ಕೆ ಜಿರಾಫೆ ಬಂತು. ಬಹಳ ಹೊತ್ತು ಸುತ್ತ ನೋಡಿತು. ಆಮೇಲೆ ಮುಂಗಾಲುಗಳನ್ನು ಸ್ವಲ್ಪ ಸ್ವಲ್ಪವಾಗಿ ಎರಡೂ ಪಕ್ಕಕ್ಕೆ ಜರುಗಿಸುತ್ತ, ಜಾರುವ ನೆಲದಲ್ಲಿ ನಿಂತವರ ಹಾಗೆ ಅಗಲಿಸಿ, ಕತ್ತನ್ನು ನೀರಿಗಿಳಿಸಿತು. ಮಂಡಿ ಊರಲಿಲ್ಲ. ನಾನು ಮೂರು ಸಲ ನೋಡಿ ಬರೆದುಕೊಂಡೆ.

ಸೋಡರ್‌ಟೆಲ್ಯೆಗೆ ಮರಳಿ ಟೀಚರ್‌ಗೆ ಹೇಳಿದೆ. ಫೋಟೋ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ತುಂಬ ಹೊತ್ತು ನೋಡಿದರು.

"ಹಂಗಾದ್ರೆ ಮೂವತ್ಮೂರು ವರ್ಷ ತಪ್ಪು ಹೇಳ್ದೆ," ಎಂದರು. "ಈಗ ಯಾರನ್ನ ಕರ್ದು ತಿದ್ದಲಿ?" ಫೋಟೋವನ್ನು ಹಿಂದಕ್ಕೆ ಕೊಡುತ್ತ, "ಅಲ್ಲಿ ನಿಂತಾಗ ಅದ್ರ ಉಸಿರು ಕೇಳ್ತಿತ್ತಾ?" ಎಂದು ಕೇಳಿದರು. ಕೇಳುತ್ತಿತ್ತು ಎಂದೆ. ಅದು ನಿಜವೋ, ಅವರಿಗೆ ಕೊಡಲು ನನ್ನ ಹತ್ತಿರ ಇನ್ನೇನೂ ಇರಲಿಲ್ಲವೋ, ಗೊತ್ತಿಲ್ಲ.

ತಿಂಗಳ ಕೊನೆಗೆ ಅವರು ದಾವಣಗೆರೆಗೆ ಹೋದರು, ಆಮೇಲೆ ನಾನು ಬೆಂಗಳೂರಿಗೆ.

ಬೆಂಗಳೂರು

ಮರುವರ್ಷ ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ ಭೂಷಣನ ಫೋನು ಬಂತು.

"ಲೋ, ಗುನಿಲ್ಲಾ ಒಂದು ಕವರ್ ಕಳ್ಸಿದಾರೆ ಕಣೋ. ಟೀಚರ್ ಡಬ್ಬಿ ಮುಚ್ಚಳ. ಈ ವರ್ಷ ಮಳೆ ಕಮ್ಮಿಯಾಗಿ ಜೌಗು ಒಣಗಿತ್ತಂತೆ, ಹಣ್ಣು ಬಿಡಿಸೋಕೆ ಹೋದಾಗ ಸಿಕ್ಕಿದೆ. ಮೊರ್ಮೊರ್‌ಗೆ ತಲುಪಿಸಿ ಅಂತ ಬರ್ದಿದಾರೆ."

"ಒಳ್ಳೇದಾಯ್ತು," ಎಂದೆ.

"ಅಲ್ಲ ಕಣೋ, ಇದ್ರ ಒಳಗಡೆ ಏನೋ ಹೆಸರಿದೆ. ಎಂ. ಸರೋಜಮ್ಮ, ಮೈಸೂರು ಅಂತ. ಟೀಚರ್ ಹೆಸರು ಗಿರಿಜಮ್ಮ ಅಲ್ವಾ? ಯಾರೋ ಇದು ಸರೋಜಮ್ಮ?"

ಆಮೇಲೆ ಮಾಡ್ತೀನಿ ಎಂದು ಫೋನಿಟ್ಟೆ.

ಸ್ವೀಡನ್ನಿನಿಂದ ತಂದ ಡಬ್ಬಿ ಆ ಒಂದು ವರ್ಷವೂ ನನ್ನ ಮೇಜಿನ ಮೇಲೇ ಇತ್ತು. ಅದರಲ್ಲಿ ಹಳೆಯ ಬ್ಯಾಟರಿ, ಅಲ್ಲಿನ ಚಿಲ್ಲರೆ, ಗುಂಡಿ ಹಾಕಿಡುತ್ತಿದ್ದೆ. ಮುಚ್ಚಳ ಬಿಗಿ, ಪ್ರತಿ ಸಲವೂ ಚಮಚದ ಹಿಡಿಯಿಂದ ಮೀಟಿ ತೆಗೆಯಬೇಕಾಗಿತ್ತು. ಊರಿಂದ ತಂದಾಗ ಹೀಗಿರಲಿಲ್ಲವಲ್ಲ ಎಂದು ಒಂದೆರಡು ಸಲ ಅನ್ನಿಸಿದ್ದೂ ಉಂಟು. ಸ್ಟೀಲು ಚಳಿಗೆ ಕುಗ್ಗಿರಬೇಕೆಂದು ಒಂದು ಕಾರಣ ಕೊಟ್ಟುಕೊಂಡು ಸುಮ್ಮನಾಗಿದ್ದೆ.

ಮೀಟಿ ತೆಗೆದು, ಒಳಮೈಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಚುಕ್ಕೆ ಅಕ್ಷರಗಳು ಸ್ವಲ್ಪ ಸವೆದಿದ್ದವು, ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ ಓದಲು ಬರುತ್ತಿದ್ದವು. ಎರಡು ಸಲ ಓದಿದೆ. "ಗಿರಿಜಾ ಟೀಚರ್‌ಗೆ, ಒಂದನೇ ತರಗತಿಯ ಮಕ್ಕಳಿಂದ" ಎಂದಿತ್ತು.